ಲಿಂಕನ್ ಕಾಂಟಿನೆಂಟಲ್: ಒಂದು ಕಾರಿನ ಚರಿತ್ರೆ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು ಎಂದಷ್ಟೇ ತಿಳಿಯುವ ವಾಡಿಕೆ ನಮ್ಮ ಶಾಲೆಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ಮನುಷ್ಯನು ಕೈಯಿಂದ ಮಾಡಿದ ಪ್ರತಿಯೊಂದು ವಸ್ತುವಿಗೂ ಒಂದು ಚರಿತ್ರೆಯುಂಟು. ನೇಗಿಲಿಗುಂಟು, ಮಗ್ಗಕ್ಕುಂಟು, ಗಡಿಯಾರಕ್ಕುಂಟು. ಮೋಟಾರು ಕಾರಿಗೂ ಉಂಟು. ಆ ವಸ್ತುವನ್ನು ಯಾರು ಮಾಡಿದರು, ಏಕೆ ಮಾಡಿದರು, ಅದರಿಂದ ಅವರಿಗೆ ಕೀರ್ತಿ ಬಂದಿತೋ ಅಪಕೀರ್ತಿ ಬಂದಿತೋ ಎಂದು ವಿಚಾರಿಸುತ್ತ ಹೋದರೆ ಒಂದು ನಾಡಿನ, ಒಂದು ಕಾಲದ ಮನಸ್ಸು ನಮಗೆ ತಿಳಿದುಬರುತ್ತದೆ. ಅಂಥ ಒಂದು ವಸ್ತುವಿನ ಕಥೆಯನ್ನು ಈ ಲೇಖನದಲ್ಲಿ ನಾವು ಹೇಳಬಯಸುತ್ತೇವೆ. ಅದು ಅಮೇರಿಕದ ಲಿಂಕನ್ ಕಾಂಟಿನೆಂಟಲ್ ಎಂಬ ಕಾರು.

ಈ ಕಥೆಯಲ್ಲಿ ಒಂದು ವಿಪರ್ಯಾಸವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೇರಿಕದ ಆಡುಮಾತಿನಲ್ಲಿ ‘ಎಡ್ಸೆಲ್’ ಎಂದರೆ ಭಾರೀ ಸೋಲು. ಹಣ ಸುರಿದು ತಯಾರಿಸಿದರೂ ಕೊಳ್ಳುವವರಿಲ್ಲದೆ ಹೋದ ಸರಕು ಎಂದರ್ಥ. ಆದರೆ ಎಡ್ಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು. ಅವನು ಆ ಸೋತ ಕಾರನ್ನು ಮಾಡಿದವನಲ್ಲ. ಅದು ಮಾರುಕಟ್ಟೆಗೆ ಬರುವ ಹದಿನಾಲ್ಕು ವರ್ಷ ಮೊದಲೇ ಅವನು ತೀರಿಕೊಂಡಿದ್ದನು. ಅವನು ತನ್ನ ಮನಸ್ಸಿಟ್ಟು ಮಾಡಿಸಿದ ಕಾರು ಕಾಂಟಿನೆಂಟಲ್. ಅದರ ಮೇಲೆ ಅವನ ಹೆಸರಿಲ್ಲ. ಮಾಡದ ಕೆಲಸಕ್ಕೆ ಹೆಸರು ಅಂಟಿಕೊಂಡು, ಮಾಡಿದ ಕೆಲಸ ಹೆಸರಿಲ್ಲದೆ ಉಳಿದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಿನಿಂದ ಪ್ರಾರಂಭಿಸಬೇಕು.

ಲೀಲೆಂಡನ ಅಳತೆ

ಲಿಂಕನ್ ಕಂಪನಿಯನ್ನು ಸ್ಥಾಪಿಸಿದವನು ಹೆನ್ರಿ ಲೀಲೆಂಡ್. ೧೮೪೩ರಲ್ಲಿ ಹುಟ್ಟಿದ ಈತನು ಬಂದೂಕುಗಳನ್ನೂ ಯಂತ್ರೋಪಕರಣಗಳನ್ನೂ ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸ ಕಲಿತನು. ಬಂದೂಕಿನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸವಾದರೂ ಭಾಗಕ್ಕೆ ಭಾಗ ಕೂಡುವುದಿಲ್ಲ. ಆ ಅಳತೆಯ ಶಿಸ್ತನ್ನು ಲೀಲೆಂಡನು ಮೋಟಾರಿಗೆ ತಂದನು. ೧೯೦೨ರಲ್ಲಿ ಕ್ಯಾಡಿಲಾಕ್ ಕಂಪನಿಯನ್ನು ಕಟ್ಟಿದವನೂ ಅವನೇ. ೧೯೦೮ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಅವುಗಳ ಭಾಗಗಳನ್ನೆಲ್ಲ ಒಂದೇ ರಾಶಿಯಾಗಿ ಬೆರಸಿ, ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಜೋಡಿಸಿ ಓಡಿಸಿ ತೋರಿಸಲಾಯಿತು. ಯಾವ ಭಾಗವನ್ನೂ ಅರದಿಂದ ಉಜ್ಜಿ ಸರಿಪಡಿಸುವ ಪ್ರಮೇಯ ಬರಲಿಲ್ಲ. ಒಬ್ಬೊಬ್ಬ ಕುಶಲಕರ್ಮಿಯೂ ಭಾಗಗಳನ್ನು ಒಂದಕ್ಕೊಂದು ತಿದ್ದಿ ಕೂಡಿಸುತ್ತಿದ್ದ ಆ ಕಾಲದಲ್ಲಿ ಇದು ಪವಾಡದಂತೆಯೇ ಕಂಡಿತು. ಈ ಪರೀಕ್ಷೆಗಾಗಿ ಕ್ಯಾಡಿಲಾಕಿಗೆ ಡ್ಯೂವರ್ ಪಾರಿತೋಷಕ ದೊರೆಯಿತು.

೧೯೧೭ರಲ್ಲಿ ಅಮೇರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ ಲೀಲೆಂಡನು ಕ್ಯಾಡಿಲಾಕನ್ನು ಬಿಟ್ಟು, ಲಿಬರ್ಟಿ ಎಂಬ ವಿಮಾನದ ಎಂಜಿನನ್ನು ತಯಾರಿಸುವುದಕ್ಕಾಗಿ ಬೇರೊಂದು ಕಂಪನಿಯನ್ನು ಸ್ಥಾಪಿಸಿದನು. ಆಗ ಅವನಿಗೆ ಎಪ್ಪತ್ತನ್ನು ಮೀರಿದ ವಯಸ್ಸು. ೧೮೬೪ರಲ್ಲಿ ತಾನು ಮೊಟ್ಟಮೊದಲು ಮತ ಕೊಟ್ಟಿದ್ದ ಅಧ್ಯಕ್ಷ ಅಬ್ರಹಾಂ ಲಿಂಕನನ ಹೆಸರನ್ನೇ ಆ ಕಂಪನಿಗಿಟ್ಟನು. ಯುದ್ಧ ಮುಗಿದು ವಿಮಾನದ ಎಂಜಿನುಗಳಿಗೆ ಬೇಡಿಕೆ ನಿಂತುಹೋಗಲು, ಅದೇ ಕಾರ್ಖಾನೆಯಿಂದ ೧೯೨೦ರಲ್ಲಿ ಲಿಂಕನ್ ಕಾರು ಹೊರಬಂದಿತು. ಅದರ ಯಂತ್ರಭಾಗ ಅತ್ಯುತ್ತಮವಾಗಿತ್ತು. ಮೈಕಟ್ಟು ಮಾತ್ರ ಹಳೆಯ ಕಾಲದ್ದು. ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. ಕಂಪನಿ ದಿವಾಳಿಯ ಅಂಚಿಗೆ ಬಂದು ೧೯೨೨ರ ಫೆಬ್ರವರಿಯಲ್ಲಿ ೮೦ ಲಕ್ಷ ಡಾಲರುಗಳಿಗೆ ಹೆನ್ರಿ ಫೋರ್ಡನ ಪಾಲಾಯಿತು. ಕೆಲವೇ ತಿಂಗಳಲ್ಲಿ ವೃದ್ಧ ಲೀಲೆಂಡನೂ ಅವನ ಮಗನೂ ಅಲ್ಲಿಂದ ಹೊರಬೀಳಬೇಕಾಯಿತು. ಅಳತೆ ಸರಿಯಿದ್ದರೆ ಮಾತ್ರ ಸಾಲದು, ರೂಪವೂ ಬೇಕು ಎಂಬ ಪಾಠ ಅವನ ಕಾರಿನ ಸೋಲಿನಲ್ಲಿತ್ತು. ಅದನ್ನು ಕಲಿತವನು ಬೇರೊಬ್ಬನು.

ತಂದೆ ಮತ್ತು ಮಗ

ಹೆನ್ರಿ ಫೋರ್ಡನ ಹೆಸರನ್ನು ಕೇಳದವರಿಲ್ಲ. ೧೯೦೮ರಿಂದ ೧೯೨೭ರವರೆಗೆ ಅವನು ಮಾಡೆಲ್ ಟಿ ಎಂಬ ಒಂದೇ ಬಗೆಯ ಕಾರನ್ನು ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿ, ರೈತನಿಗೂ ಕೂಲಿಗಾರನಿಗೂ ಕಾರು ಎಟಕುವಂತೆ ಮಾಡಿದನು. ಕಾರೆಂದರೆ ಕೆಲಸಕ್ಕೆ ಬರುವ ಸಾಧನ, ಅದು ಅಗ್ಗವಾಗಿರಬೇಕು, ಗಟ್ಟಿಯಾಗಿರಬೇಕು; ಅಂದಚೆಂದದ ಮಾತು ಅವನಿಗೆ ರುಚಿಸುತ್ತಿರಲಿಲ್ಲ. ೧೯೧೪ರಿಂದ ಹನ್ನೊಂದು ವರ್ಷ ಆ ಕಾರಿಗೆ ಕಪ್ಪು ಬಣ್ಣವೊಂದನ್ನು ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ.

ಎಡ್ಸೆಲ್ ಫೋರ್ಡ್ ಅವನ ಒಬ್ಬನೇ ಮಗ, ಹುಟ್ಟಿದ್ದು ೧೮೯೩ರಲ್ಲಿ. ೧೯೧೯ರಲ್ಲಿ, ಇನ್ನೂ ಇಪ್ಪತ್ತೈದು ವರ್ಷದವನಾಗಿರುವಾಗಲೇ, ಅವನು ಕಂಪನಿಯ ಅಧ್ಯಕ್ಷನಾದನು. ಆದರೆ ಪದವಿ ಮಗನದು, ಅಧಿಕಾರ ತಂದೆಯದು ಎಂಬಂತಾಯಿತು. ಮಗನು ಕೊಟ್ಟ ಅಪ್ಪಣೆಯನ್ನು ತಂದೆ ರದ್ದುಮಾಡುವುದು, ಇತರರ ಎದುರಿನಲ್ಲೇ ಹಳಿಯುವುದು ಅಪರೂಪವೇನೂ ಆಗಿರಲಿಲ್ಲ. ಮೃದುಸ್ವಭಾವದ ಎಡ್ಸೆಲನು ಎದುರಾಡಲಿಲ್ಲ. ಚಿತ್ರಕಲೆ, ಶಿಲ್ಪ, ನೌಕೆಗಳ ರೂಪರೇಖೆ ಇವುಗಳಲ್ಲಿ ಅವನಿಗೆ ಆಳವಾದ ಅಭಿರುಚಿಯಿತ್ತು. ತಂದೆಗೆ ಧನಿಕರ ಕಾರಿನಲ್ಲಿ ಅಷ್ಟಾಗಿ ಆಸಕ್ತಿ ಇರಲಿಲ್ಲವಾದ್ದರಿಂದ ಲಿಂಕನ್ ವಿಭಾಗವು ಮಗನ ಪಾಲಿಗೆ ಬಂದಿತು. ತನ್ನ ಅಭಿರುಚಿಗೆ ಅಲ್ಲಿ ಅವನು ಒಂದು ನೆಲೆಯನ್ನು ಕಂಡುಕೊಂಡನು.

ಆ ಕಾಲದ ಇನ್ನೊಂದು ಮುಖವನ್ನೂ ನಾವು ಮರೆಯತಕ್ಕದ್ದಲ್ಲ. ೧೯೨೯ರ ಅನಂತರ ಅಮೇರಿಕವನ್ನು ಮಹಾ ಆರ್ಥಿಕ ಮುಗ್ಗಟ್ಟು ಆವರಿಸಿತು. ೧೯೩೨ರ ಮಾರ್ಚ್ ೭ರಂದು ಕೆಲಸ ಕಳೆದುಕೊಂಡ ಕಾರ್ಮಿಕರು ಫೋರ್ಡನ ರೂಜ್ ಕಾರ್ಖಾನೆಗೆ ಮೆರವಣಿಗೆಯಲ್ಲಿ ಹೋದಾಗ ಪೋಲೀಸರೂ ಕಂಪನಿಯ ಕಾವಲಿನವರೂ ಗುಂಡು ಹಾರಿಸಿದರು. ನಾಲ್ವರು ಅಂದೇ ಸತ್ತರು, ಐದನೆಯವನು ಆಮೇಲೆ ತೀರಿಕೊಂಡನು. ಅದೇ ವರ್ಷ ಎಡ್ಸೆಲನು ಮೆಕ್ಸಿಕೋ ದೇಶದ ಚಿತ್ರಕಾರ ಡಿಯೇಗೋ ರಿವೇರನಿಗೆ ಹಣವೊದಗಿಸಿ ಡಿಟ್ರಾಯ್ಟ್ ಕಲಾಸಂಸ್ಥೆಯ ಗೋಡೆಗಳ ಮೇಲೆ ಕಾರ್ಖಾನೆಯ ಜೀವನವನ್ನು ಚಿತ್ರಿಸಲು ಹೇಳಿದನು. ರಿವೇರನು ಸಮತಾವಾದಿ, ಇಪ್ಪತ್ತೇಳು ಫಲಕಗಳ ಆ ಭಿತ್ತಿಚಿತ್ರದಲ್ಲಿ ಕಾರ್ಮಿಕನೇ ನಾಯಕ. ೧೯೩೩ರಲ್ಲಿ ಚಿತ್ರವನ್ನು ಸುಣ್ಣ ಬಳಿದು ಅಳಿಸಬೇಕೆಂಬ ಕೂಗೆದ್ದಾಗಲೂ ಎಡ್ಸೆಲನು ಚಿತ್ರಕಾರನ ಬೆನ್ನಿಗೆ ನಿಂತನು. ಹಸಿದವರ ಮೇಲೆ ಗುಂಡು ಹಾರಿದ ಕಂಪನಿಯ ಅಧ್ಯಕ್ಷನೂ ಅವನೇ, ಕಾರ್ಮಿಕನ ಚಿತ್ರವನ್ನು ಉಳಿಸಿದವನೂ ಅವನೇ. ಇವೆರಡರಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಟ್ಟರೆ ಆ ಮನುಷ್ಯನ ಚರಿತ್ರೆ ಅರ್ಧವಾಗುತ್ತದೆ.

ಕಾಂಟಿನೆಂಟಲಿನ ಜನನ

ಮುಗ್ಗಟ್ಟಿನ ದಿನಗಳಲ್ಲಿ ದೊಡ್ಡ ಲಿಂಕನ್ ಕಾರುಗಳ ವ್ಯಾಪಾರ ತೀರಾ ಕುಗ್ಗಿತು. ವಿಭಾಗವನ್ನು ಉಳಿಸುವುದಕ್ಕಾಗಿ ೧೯೩೫ರ ಕೊನೆಯಲ್ಲಿ ಝೆಫಿರ್ ಎಂಬ ಅಗ್ಗದ ಲಿಂಕನನ್ನು ಹೊರತಂದರು. ಗಾಳಿಯನ್ನು ಸೀಳಿಕೊಂಡು ಹೋಗುವಂಥ ನುಣುಪಾದ ಮೈ. ಇಂಗ್ಲಿಷಿನ ‘ವಿ’ ಅಕ್ಷರದ ಎರಡು ತೋಳುಗಳಂತೆ ಆರಾರು ಸಿಲಿಂಡರುಗಳನ್ನು ಎರಡು ಸಾಲಾಗಿ ಜೋಡಿಸಿದ ಹನ್ನೆರಡು ಸಿಲಿಂಡರಿನ ಎಂಜಿನು. ಮೊದಲ ವರ್ಷವೇ ಸುಮಾರು ೧೫,೦೦೦ ಕಾರುಗಳು ಮಾರಾಟವಾದವು. ಅದರ ಮುಖವನ್ನು ತಿದ್ದಿದವನು ಯೂಜೀನ್ ಗ್ರೆಗರಿ. ಈತನು ಮೊದಲು ವಿಹಾರ ನೌಕೆಗಳ ನಕ್ಷೆ ಬರೆಯುತ್ತಿದ್ದವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಎಡ್ಸೆಲನಿಗೂ ಗ್ರೆಗರಿಗೂ ಒಳ್ಳೆಯ ಹೊಂದಾಣಿಕೆಯಾಯಿತು. ಒಬ್ಬನಿಗೆ ಏನು ಬೇಕೆಂಬ ಕಣ್ಣಿತ್ತು, ಇನ್ನೊಬ್ಬನಿಗೆ ಅದನ್ನು ಗೆರೆಯಲ್ಲಿ ಹಿಡಿಯುವ ಕೈಯಿತ್ತು.

೧೯೩೮ರಲ್ಲಿ ಎಡ್ಸೆಲನು ಯೂರೋಪಿನ ಪ್ರವಾಸದಿಂದ ಹಿಂದಿರುಗಿ, ತನ್ನ ಸ್ವಂತ ಬಳಕೆಗೆ ಯೂರೋಪಿನ ಮಾದರಿಯ ಒಂದು ಕಾರು ಬೇಕೆಂದನು. ಇಂಗ್ಲಿಷರು ಯೂರೋಪಿನ ಮುಖ್ಯಭೂಮಿಯನ್ನು ‘ಕಾಂಟಿನೆಂಟ್’ ಎನ್ನುತ್ತಾರಷ್ಟೆ. ಕಾಂಟಿನೆಂಟಲ್ ಎಂಬ ಹೆಸರು ಹುಟ್ಟಿದ್ದು ಹೀಗೆ. ಗ್ರೆಗರಿಯು ಝೆಫಿರಿನ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ಅದರ ಮೇಲೆಯೇ ಹೊಸ ಗೆರೆಗಳನ್ನೆಳೆದನು. ಬಾನೆಟ್ಟನ್ನು ಉದ್ದಗೊಳಿಸಿದನು, ಇಡೀ ಮೈಯನ್ನು ನೆಲಕ್ಕೆ ಇಳಿಸಿದನು, ಡಿಕ್ಕಿಯನ್ನು ಕಿರಿದುಮಾಡಿ, ಸ್ಟೆಪ್ನಿ ಚಕ್ರವನ್ನು ಹೊರಗೆ ಹಿಂಬದಿಯಲ್ಲಿ ನೆಟ್ಟಗೆ ನಿಲ್ಲಿಸಿದನು. ಅಂದಿನ ಅಮೇರಿಕದ ಕಾರುಗಳ ಮೇಲೆ ಹೇರಳವಾಗಿದ್ದ ಹೊಳೆಯುವ ಲೋಹದ ಪಟ್ಟಿಗಳನ್ನೂ ಅಲಂಕಾರಗಳನ್ನೂ ಕೈಬಿಟ್ಟನು. ಈ ಕಾರಿನ ಅಂದವೆಲ್ಲ ಈ ಬಿಡುವಿಕೆಯಲ್ಲಿದೆ. ಉಳಿದದ್ದು ಒಂದು ದೀರ್ಘವಾದ ಗೆರೆ, ಸರಿಯಾದ ಪ್ರಮಾಣ, ಅಷ್ಟೆ.

ಝೆಫಿರ್ ಕಾರಿನ ತಗಡುಗಳನ್ನು ಕತ್ತರಿಸಿ, ಬೆಸೆದು, ಸಂದುಗಳಿಗೆ ಸೀಸವನ್ನು ತುಂಬಿ ಕೈಯಿಂದಲೇ ಮೊದಲ ಕಾರನ್ನು ಕಟ್ಟಿದರು. ೧೯೩೯ರ ಮಾರ್ಚಿಯಲ್ಲಿ ಅದು ಫ್ಲಾರಿಡಾದಲ್ಲಿ ರಜೆಯಲ್ಲಿದ್ದ ಎಡ್ಸೆಲನನ್ನು ತಲುಪಿತು. ಅಲ್ಲಿಯ ಧನಿಕ ಗೆಳೆಯರು ಅದನ್ನು ಕಂಡು ತಮಗೂ ಬೇಕೆಂದು ದುಂಬಾಲುಬಿದ್ದರು. ಒಬ್ಬನಿಗಾಗಿ ಮಾಡಿದ ಕಾರು ಹೀಗೆ ಮಾರುಕಟ್ಟೆಗೆ ಬಂದಿತು. ೧೯೪೦ನೆಯ ವರ್ಷದ ಕಾರುಗಳು ೪೦೪ ಮಾತ್ರ. ಕೈಕೆಲಸ ಬಹಳವಾದ್ದರಿಂದ ಬೆಲೆ ಝೆಫಿರಿನ ಬೆಲೆಯ ಸುಮಾರು ಎರಡರಷ್ಟು.

ದೋಷವಿಲ್ಲದ ವಸ್ತುವೇನೂ ಅದಾಗಿರಲಿಲ್ಲ. ಹೊರಗಿನ ರೂಪಕ್ಕೆ ತಕ್ಕ ಎಂಜಿನು ಒಳಗಿರಲಿಲ್ಲ. ಝೆಫಿರಿನಿಂದ ಬಂದ ಹನ್ನೆರಡು ಸಿಲಿಂಡರಿನ ಯಂತ್ರವು ಕಾಯುತ್ತಿತ್ತು. ಎಣ್ಣೆ ಕೆಸರಿನಂತೆ ಗಟ್ಟಿಯಾಗಿ ಸರಿಯಾಗಿ ಹರಿಯುತ್ತಿರಲಿಲ್ಲ. ಎಷ್ಟೋ ಮಂದಿ ಆಮೇಲೆ ಅದನ್ನು ಕಿತ್ತು ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಿಕೊಂಡರು. ಲೀಲೆಂಡನ ಕಾರಿನಲ್ಲಿ ಅಳತೆಯಿತ್ತು, ರೂಪವಿರಲಿಲ್ಲ. ಎಡ್ಸೆಲನ ಕಾರಿನಲ್ಲಿ ರೂಪವಿತ್ತು, ಅಳತೆ ಸಾಲದಾಯಿತು. ಇವೆರಡೂ ಒಂದುಗೂಡಲು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಗಿತ್ತು.

ಮರಣ ಮತ್ತು ಮನ್ನಣೆ

೧೯೪೨ರ ಫೆಬ್ರವರಿಯಲ್ಲಿ ಯುದ್ಧದ ಕಾರಣದಿಂದ ಅಮೇರಿಕದಲ್ಲಿ ಸಾರ್ವಜನಿಕರಿಗಾಗಿ ಕಾರು ತಯಾರಿಸುವುದು ನಿಂತಿತು. ವಿಲ್ಲೋ ರನ್ ಎಂಬಲ್ಲಿ ಬಿ-೨೪ ಬಾಂಬರು ವಿಮಾನಗಳನ್ನು ತಯಾರಿಸುವ ಭಾರೀ ಕಾರ್ಖಾನೆಯ ಹೊಣೆ ಎಡ್ಸೆಲನ ಮೇಲೆ ಬಿದ್ದಿತು. ಒಳಗೆ ಹೊಟ್ಟೆಯ ಅರ್ಬುದರೋಗ, ಹೊರಗೆ ಕೆಲಸದ ಒತ್ತಡ ಮತ್ತು ತಂದೆಯೊಡನೆ ಮುಗಿಯದ ತಿಕ್ಕಾಟ. ೧೯೪೩ರ ಮೇ ೨೬ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಎಂಬತ್ತರ ಸಮೀಪದಲ್ಲಿದ್ದ ತಂದೆ ಮತ್ತೆ ಅಧ್ಯಕ್ಷನಾಗಿ, ೧೯೪೫ರಲ್ಲಿ ಆ ಪದವಿಯನ್ನು ಎಡ್ಸೆಲನ ಹಿರಿಯ ಮಗ ಎರಡನೆಯ ಹೆನ್ರಿ ಫೋರ್ಡನಿಗೆ ಬಿಟ್ಟುಕೊಟ್ಟನು.

ಯುದ್ಧಾನಂತರ ಕಾಂಟಿನೆಂಟಲ್ ಮತ್ತೆ ತಯಾರಾಯಿತಾದರೂ ಮುಂಭಾಗಕ್ಕೆ ದಪ್ಪ ಲೋಹದ ಜಾಲರಿಯನ್ನು ಹೊದಿಸಿದ್ದರಿಂದ ಮೊದಲಿನ ಹಗುರ ಉಳಿಯಲಿಲ್ಲ. ೧೯೪೮ರಲ್ಲಿ ಅದನ್ನು ನಿಲ್ಲಿಸಿದರು. ಮೊದಲಿಂದ ಕೊನೆಯವರೆಗೆ ತಯಾರಾದ ಕಾರುಗಳು ೫,೩೦೦ಕ್ಕೆ ಸ್ವಲ್ಪ ಹೆಚ್ಚು. ಮಾಡೆಲ್ ಟಿ ಕಾರಿನ ಒಂದೂವರೆ ಕೋಟಿಯ ಎದುರಿಗೆ ಇದು ಲೆಕ್ಕಕ್ಕೇ ಬಾರದ ಸಂಖ್ಯೆ.

ಆದರೂ ೧೯೫೧ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಕಾರುಗಳನ್ನು ಶಿಲ್ಪಗಳೆಂಬಂತೆ ಪ್ರದರ್ಶಿಸಲು ಎಂಟು ಕಾರುಗಳನ್ನು ಆರಿಸಿದಾಗ, ೧೯೪೧ರ ಕಾಂಟಿನೆಂಟಲ್ ಅವುಗಳಲ್ಲೊಂದಾಗಿತ್ತು. ಅದರೊಡನೆ ನಿಂತಿದ್ದ ಇನ್ನೊಂದು ವಾಹನ ನಮ್ಮ ಹಳ್ಳಿಯ ಮಕ್ಕಳಿಗೂ ಪರಿಚಿತವಾದ ಜೀಪು. ಒಂದು ಧನಿಕನ ವಿಹಾರಕ್ಕೆ, ಇನ್ನೊಂದು ಸೈನಿಕನ ಕೆಲಸಕ್ಕೆ. ಎರಡರಲ್ಲಿಯೂ ಬೇಡದ್ದು ಏನೂ ಇಲ್ಲ ಎಂಬುದೇ ಅವುಗಳನ್ನು ಒಂದೇ ಸೂರಿನಡಿ ತಂದಿತೆಂದು ನಮಗೆ ತೋರುತ್ತದೆ. ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟನೂ ಕಾಂಟಿನೆಂಟಲನ್ನು ಇಟ್ಟುಕೊಂಡಿದ್ದು, ತನಗೆ ಪ್ರಿಯವಾದ ಕಾವಿಗೆಂಪು ಬಣ್ಣವನ್ನು ಅದಕ್ಕೆ ಬಳಿಸಿದ್ದನು.

ಮಗನ ತರ್ಪಣ

ಎಡ್ಸೆಲನ ಕಿರಿಯ ಮಗ ವಿಲಿಯಂ ಕ್ಲೇ ಫೋರ್ಡನಿಗೆ ತಂದೆಯ ಕಾರನ್ನು ಮತ್ತೆ ಬದುಕಿಸಬೇಕೆಂಬ ಹಂಬಲವಿತ್ತು. ೧೯೫೨ರ ಹೊತ್ತಿಗೆ, ಇಪ್ಪತ್ತೇಳರ ಪ್ರಾಯದಲ್ಲಿ, ಆ ಕೆಲಸಕ್ಕಾಗಿಯೇ ಏರ್ಪಟ್ಟ ವಿಭಾಗದ ಮುಖ್ಯಸ್ಥನಾದನು. ಹೊರಗಿನ ನಾಲ್ಕು ತಂಡಗಳೂ ಒಳಗಿನ ಒಂದು ತಂಡವೂ ನಕ್ಷೆಗಳನ್ನು ಒಪ್ಪಿಸಿದವು. ಜಾನ್ ರೈನ್‌ಹಾರ್ಟನ ಮುಂದಾಳುತನದ ಒಳತಂಡದ ನಕ್ಷೆ ಗೆದ್ದಿತು. ಇದೇ ಕಾಂಟಿನೆಂಟಲ್ ಮಾರ್ಕ್ ೨. ೧೯೫೫ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಮೋಟಾರು ಪ್ರದರ್ಶನದಲ್ಲಿ ಇದು ಬೆಳಕು ಕಂಡಿತು.

ಅಮೇರಿಕದ ಕಾರುಗಳಿಗೆ ವಿಮಾನದ ಬಾಲದಂಥ ರೆಕ್ಕೆಗಳು ಮೂಡುತ್ತಿದ್ದ ಕಾಲ ಅದು. ಎರಡು ಮೂರು ಬಣ್ಣಗಳು, ಕಣ್ಣು ಕೋರೈಸುವ ಲೋಹಪಟ್ಟಿಗಳು ಎಲ್ಲೆಲ್ಲೂ ಇದ್ದವು. ಮಾರ್ಕ್ ೨ರಲ್ಲಿ ಇವಾವುವೂ ಇರಲಿಲ್ಲ. ಕಾರು ತಗ್ಗಾಗಿಯೂ ಇರಬೇಕು, ಕುಳಿತವರು ಕುರ್ಚಿಯ ಮೇಲೆ ಕುಳಿತಂತೆ ನೆಟ್ಟಗೂ ಇರಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸಲು ಚಾಸಿಯ ಉಕ್ಕಿನ ಚೌಕಟ್ಟನ್ನು ಎರಡು ಅಚ್ಚುಗಳ ನಡುವೆ ಕೆಳಕ್ಕೆ ಬಾಗಿಸಿದರು. ಅದಕ್ಕೆ ಎಂಜಿನಿಯರುಗಳು ‘ಹಸುವಿನ ಹೊಟ್ಟೆ’ ಎಂದು ಹೆಸರಿಟ್ಟರು. ಎಂಜಿನುಗಳನ್ನು ಆರಿಸಿ ಪರೀಕ್ಷಿಸಿ ಕೂರಿಸಿದರು. ಬಣ್ಣವನ್ನು ಪದರ ಪದರವಾಗಿ ಬಳಿದು ಕೈಯಿಂದ ಉಜ್ಜಿದರು. ಮಾರಾಟಗಾರನಿಗೆ ಕಳುಹಿಸುವಾಗ ಕಾರಿಗೆ ಬಟ್ಟೆಯ ಹೊದಿಕೆಯನ್ನೂ ಹಾಕಿದರು.

ಬೆಲೆ ಸುಮಾರು ೧೦,೦೦೦ ಡಾಲರು. ಆ ಹಣಕ್ಕೆ ಸಾಮಾನ್ಯವಾದ ಫೋರ್ಡ್ ಕಾರುಗಳು ಐದು ಬರುತ್ತಿದ್ದವು. ಇಷ್ಟಾದರೂ ಕಂಪನಿಗೆ ಒಂದೊಂದು ಕಾರಿನ ಮೇಲೂ ಸುಮಾರು ಸಾವಿರ ಡಾಲರುಗಳ ನಷ್ಟವಾಗುತ್ತಿತ್ತೆಂದು ಹೇಳುತ್ತಾರೆ. ಮನೆತನದ ಸ್ವತ್ತಾಗಿದ್ದಾಗ ಇಂಥ ನಷ್ಟವನ್ನು ಪ್ರತಿಷ್ಠೆಯ ಲೆಕ್ಕಕ್ಕೆ ಬರೆಯಬಹುದಾಗಿತ್ತು. ಆದರೆ ೧೯೫೬ರ ಜನವರಿಯಲ್ಲಿ ಫೋರ್ಡ್ ಕಂಪನಿಯ ಷೇರುಗಳು ಮೊದಲ ಸಲ ಸಾರ್ವಜನಿಕರಿಗೆ ಮಾರಾಟವಾದವು. ಷೇರುದಾರರಿಗೆ ಲೆಕ್ಕ ಒಪ್ಪಿಸುವ ಕಾಲ ಬಂದಿತು. ೧೯೫೭ರ ಮೇ ತಿಂಗಳಲ್ಲಿ, ಸುಮಾರು ೩,೦೦೦ ಕಾರುಗಳಾದ ಮೇಲೆ, ಮಾರ್ಕ್ ೨ ನಿಂತುಹೋಯಿತು. ತಂದೆಗೆ ಮಗನು ಕೊಟ್ಟ ತರ್ಪಣ ಎರಡೇ ವರ್ಷಗಳಲ್ಲಿ ಮುಗಿಯಿತು.

ಹೆಸರಿನ ದುರಂತ

ಅದೇ ೧೯೫೭ರ ಸೆಪ್ಟೆಂಬರಿನಲ್ಲಿ ಕಂಪನಿಯು ಮಧ್ಯಮ ಬೆಲೆಯ ಹೊಸದೊಂದು ಕಾರನ್ನು ಹೊರತಂದಿತು. ಅದಕ್ಕೆ ಹೆಸರು ಹುಡುಕಿದ ಬಗೆ ಸಾಹಿತ್ಯಾಭಿಮಾನಿಗಳಿಗೆ ವಿನೋದವೆನಿಸೀತು. ಜಾಹೀರಾತಿನವರು ಸಾವಿರಾರು ಹೆಸರುಗಳನ್ನು ಪಟ್ಟಿಮಾಡಿದರು. ಪ್ರಸಿದ್ಧ ಕವಯಿತ್ರಿ ಮೇರಿಯಾನ್ ಮೂರಳಿಗೂ ಪತ್ರ ಬರೆದು ಹೆಸರು ಸೂಚಿಸಲು ಬೇಡಿಕೊಂಡರು. ಆಕೆ ‘ಯುಟೋಪಿಯನ್ ಟರ್ಟಲ್‌ಟಾಪ್’ ಮುಂತಾದ ವಿಚಿತ್ರ ಹೆಸರುಗಳನ್ನು ಬರೆದು ಕಳುಹಿಸಿದಳು. ಯಾವುದೂ ಹಿಡಿಸದೆ, ಕೊನೆಗೆ ಕಂಪನಿಯ ಹಿರಿಯರು ಎಡ್ಸೆಲ್ ಎಂಬ ಹೆಸರನ್ನೇ ಗೊತ್ತುಮಾಡಿದರು. ತಂದೆಯ ಹೆಸರು ಸಾವಿರಾರು ಕಾರುಗಳ ಚಕ್ರದ ಮೇಲೆ ತಿರುಗುವುದು ಮಕ್ಕಳಿಗೆ ಇಷ್ಟವಿರಲಿಲ್ಲ. ಆದರೂ ಆ ಹೆಸರೇ ನಿಂತಿತು.

ಮುಂದಿನದು ಪ್ರಸಿದ್ಧವಾದ ಕಥೆ. ಕಾರಿನ ಮುಂಭಾಗದ ವಿಚಿತ್ರ ಜಾಲರಿ ನಗೆಪಾಟಲಾಯಿತು, ತಯಾರಿಕೆಯಲ್ಲಿ ದೋಷಗಳಿದ್ದವು, ೧೯೫೮ರಲ್ಲಿ ದೇಶದ ವ್ಯಾಪಾರವೇ ಕುಸಿಯಿತು. ೧೯೫೯ರ ನವೆಂಬರಿನಲ್ಲಿ ಅದನ್ನು ಕೈಬಿಟ್ಟಾಗ ಕಂಪನಿಗಾದ ನಷ್ಟ ಸುಮಾರು ೨೫ ಕೋಟಿ ಡಾಲರೆಂದು ಅಂದಾಜು ಮಾಡಿದರು. ಸತ್ತವನ ಹೆಸರು ಹೀಗೆ ಸೋಲಿನ ಪರ್ಯಾಯಪದವಾಗಿ ಭಾಷೆಗೆ ಸೇರಿತು.

ಕಾಂಟಿನೆಂಟಲ್ ಎಂಬ ಹೆಸರಿಗೂ ಅದೇ ಸಮಯದಲ್ಲಿ ಕೆಟ್ಟ ಕಾಲ. ೧೯೫೮ರಲ್ಲಿ ಆ ಹೆಸರನ್ನು ಹೊತ್ತು ಬಂದ ಕಾರಿನ ಉದ್ದ ೧೯ ಅಡಿಗೂ ಹೆಚ್ಚು. ಓರೆಯಾಗಿ ಕೂರಿಸಿದ ಜೋಡಿ ಹೆಡ್‌ಲೈಟುಗಳು, ಅಗೆದು ಕೊರೆದಂಥ ಪಕ್ಕಗಳು, ಮೈತುಂಬ ಲೋಹದ ಒಡವೆ. ಗ್ರೆಗರಿಯು ತೆಗೆದದ್ದನ್ನೆಲ್ಲ ಮತ್ತೆ ತಂದು ಸೇರಿಸಿದಂತಿತ್ತು. ಇದೂ ಲಾಭ ತರಲಿಲ್ಲ. ಲಿಂಕನ್ ವಿಭಾಗವನ್ನೇ ಮುಚ್ಚಿಬಿಡುವ ಯೋಚನೆ ಕಂಪನಿಯಲ್ಲಿ ನಡೆಯಿತು.

ಅಳತೆಯೂ ರೂಪವೂ

ಆಗ ನಿರ್ಧಾರ ಕೈಗೊಂಡವನು ರಾಬರ್ಟ್ ಮ್ಯಾಕ್ನಮಾರ. ಈತನು ಅಂಕೆಸಂಖ್ಯೆಗಳ ಪಂಡಿತ, ಮೊದಲು ಹಾರ್ವರ್ಡಿನಲ್ಲಿ ಅಧ್ಯಾಪಕನಾಗಿದ್ದವನು. ಆಡಂಬರದ ಕಾರುಗಳ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ. ಥಂಡರ್‌ಬರ್ಡ್ ಎಂಬ ಬೇರೊಂದು ಕಾರಿಗಾಗಿ ಎಲ್ವುಡ್ ಎಂಗೆಲನು ಜೇಡಿಮಣ್ಣಿನಲ್ಲಿ ಮಾಡಿದ್ದ ಮಾದರಿಯೊಂದು ಅವನ ಕಣ್ಣಿಗೆ ಬಿದ್ದಿತು. ಇದನ್ನು ನಾಲ್ಕು ಬಾಗಿಲಿನ ಲಿಂಕನನ್ನಾಗಿ ಮಾಡಲು ಸಾಧ್ಯವೇ ಎಂದು ಅವನು ಕೇಳಿದನು. ಹಾಗೆ ಹುಟ್ಟಿದ್ದು ೧೯೬೧ರ ಕಾಂಟಿನೆಂಟಲ್.

ಹಿಂದಿನ ವರ್ಷದ ಕಾರಿಗಿಂತ ಇದು ಸುಮಾರು ೧೫ ಅಂಗುಲ ಗಿಡ್ಡ. ದೊಡ್ಡದೇ ಶ್ರೇಷ್ಠವೆಂದು ನಂಬಿದ್ದ ನಾಡಿನಲ್ಲಿ ಅತ್ಯಂತ ದುಬಾರಿಯ ಕಾರನ್ನು ಚಿಕ್ಕದು ಮಾಡುವುದಕ್ಕೆ ಎದೆಗಾರಿಕೆ ಬೇಕು. ಪಕ್ಕಗಳು ಸಪಾಟು, ಮಡ್ಗಾರ್ಡಿನ ಮೇಲಂಚಿನಲ್ಲಿ ಮುಂದಿನಿಂದ ಹಿಂದಿನವರೆಗೆ ಓಡುವ ತೆಳ್ಳನೆಯ ಒಂದು ಲೋಹದ ಗೆರೆ, ಬೇರೆ ಅಲಂಕಾರವಿಲ್ಲ. ಹಿಂದಿನ ಬಾಗಿಲುಗಳ ಕೀಲು ಹಿಂಬದಿಯಲ್ಲಿ. ಆದ್ದರಿಂದ ಮುಂದಿನ ಬಾಗಿಲೂ ಹಿಂದಿನ ಬಾಗಿಲೂ ನಮ್ಮ ಮನೆಗಳ ಎರಡು ಪಡಿಗಳ ಹೆಬ್ಬಾಗಿಲಿನಂತೆ ನಡುವಿನಿಂದ ತೆರೆದುಕೊಳ್ಳುತ್ತಿದ್ದವು. ಹೀಗೆ ಮಾಡಿದ್ದು ಬರಿಯ ಅಂದಕ್ಕಲ್ಲ. ಗಿಡ್ಡವಾದ ಕಾರಿನಲ್ಲಿ ಹಿಂದಿನ ಸೀಟಿಗೆ ಹತ್ತಿ ಇಳಿಯುವುದು ಇದರಿಂದ ಸುಲಭವಾಯಿತು.

ತಯಾರಿಕೆಯ ಎಚ್ಚರಿಕೆಯೂ ಹೊಸದಾಗಿತ್ತು. ಪ್ರತಿಯೊಂದು ಎಂಜಿನನ್ನೂ ಮೂರು ಗಂಟೆಗಳ ಕಾಲ ಓಡಿಸಿ ಪರೀಕ್ಷಿಸುತ್ತಿದ್ದರು. ಸಿದ್ಧವಾದ ಪ್ರತಿಯೊಂದು ಕಾರನ್ನೂ ೧೨ ಮೈಲಿ ರಸ್ತೆಯ ಮೇಲೆ ನಡೆಸಿ ಸುಮಾರು ಇನ್ನೂರು ಅಂಶಗಳನ್ನು ನೋಡುತ್ತಿದ್ದರು. ಕೊಂಡವನಿಗೆ ಎರಡು ವರ್ಷ ಅಥವಾ ೨೪,೦೦೦ ಮೈಲಿಗಳ ಗ್ಯಾರಂಟಿ ಕೊಟ್ಟರು. ಅಮೇರಿಕದಲ್ಲಿ ಅಂಥ ಭರವಸೆಯನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ವರ್ಷವರ್ಷವೂ ವೇಷ ಬದಲಿಸುವ ಪದ್ಧತಿಯನ್ನು ಬಿಟ್ಟು ಒಂದೇ ರೂಪವನ್ನು ಸಣ್ಣಪುಟ್ಟ ತಿದ್ದುಪಡಿಗಳೊಡನೆ ಆ ದಶಕದ ಕೊನೆಯವರೆಗೂ ನಡೆಸಿದರು. ವೃದ್ಧ ಲೀಲೆಂಡನ ಅಳತೆ, ಎಡ್ಸೆಲನ ರೂಪ ಎರಡೂ ಕಡೆಗೊಮ್ಮೆ ಒಂದೇ ಕಾರಿನಲ್ಲಿ ಕೂಡಿಬಂದವು. ಮೊದಲ ವರ್ಷ ತಯಾರಾದ ಕಾರುಗಳು ೨೫,೦೦೦ಕ್ಕೆ ಸ್ವಲ್ಪ ಹೆಚ್ಚು. ಕೈಗಾರಿಕಾ ವಿನ್ಯಾಸಕಾರರ ಸಂಸ್ಥೆಯೊಂದು ಎಂಗೆಲನಿಗೂ ಅವನ ಜೊತೆಗಾರರಿಗೂ ಕಂಚಿನ ಪದಕವನ್ನಿತ್ತಿತು. ಲಿಂಕನ್ ಉಳಿಯಿತು.

ಡಲ್ಲಾಸಿನ ಬೀದಿ

ಈ ಕಾರಿನ ಚಿತ್ರ ಲೋಕದ ಎಲ್ಲ ಪತ್ರಿಕೆಗಳಲ್ಲಿಯೂ ಬಂದದ್ದು ಮಾತ್ರ ಒಂದು ಘೋರ ಘಟನೆಯಿಂದ. ಅಧ್ಯಕ್ಷ ಜಾನ್ ಕೆನೆಡಿಯ ಉಪಯೋಗಕ್ಕಾಗಿ, ಟಾಪು ತೆರೆಯಬಹುದಾದ ೧೯೬೧ರ ಕಾಂಟಿನೆಂಟಲೊಂದನ್ನು ಸಿನ್ಸಿನ್ನಾಟಿಯ ಹೆಸ್ ಮತ್ತು ಐಸೆನ್‌ಹಾರ್ಟ್ ಕಾರ್ಖಾನೆಯವರು ನಡುವೆ ಕತ್ತರಿಸಿ ಮೂರೂವರೆ ಅಡಿಯಷ್ಟು ಉದ್ದಗೊಳಿಸಿದ್ದರು. ಅದಕ್ಕೆ ಪಾರದರ್ಶಕವಾದ ಮೇಲ್ಮಾಡನ್ನು ಬೇಕಾದಾಗ ಜೋಡಿಸಬಹುದಾಗಿತ್ತು. ಗುಂಡನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ೧೯೬೩ರ ನವೆಂಬರ್ ೨೨ರಂದು ಡಲ್ಲಾಸ್ ನಗರದಲ್ಲಿ ಆ ಮೇಲ್ಮಾಡನ್ನೂ ಹಾಕದೆ ಜನರಿಗೆ ಕೈಬೀಸುತ್ತ ಸಾಗುತ್ತಿದ್ದಾಗ ಕೆನೆಡಿಯು ಕೊಲೆಯಾದನು. ಈ ಕಾರಿನ ಮಾದರಿಯನ್ನು ಆರಿಸಿದ್ದ ಮ್ಯಾಕ್ನಮಾರನು ಅಷ್ಟರಲ್ಲಿ ಕೆನ್ನೆಡಿಯ ರಕ್ಷಣಾಮಂತ್ರಿಯಾಗಿದ್ದನು.

ಆ ಕಾರನ್ನು ನಾಶಮಾಡಲಿಲ್ಲ. ಉಕ್ಕಿನ ಕವಚ, ಗುಂಡು ತಡೆಯುವ ಗಾಜು, ಶಾಶ್ವತವಾದ ಮಾಡು ಇವುಗಳನ್ನು ಹಾಕಿ ೧೯೬೪ರಲ್ಲಿ ಮತ್ತೆ ಅಧ್ಯಕ್ಷರ ಸೇವೆಗೆ ಒಪ್ಪಿಸಿದರು. ೧೯೭೭ರವರೆಗೆ ಓಡಿದ ಅದು ಈಗ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಪ್ರಜೆಗಳ ನಡುವೆ ತೆರೆದ ಕಾರಿನಲ್ಲಿ ಸಾಗುವ ಅಧ್ಯಕ್ಷನ ಕಾಲ ಅಲ್ಲಿಗೆ ಮುಗಿಯಿತೆಂಬುದಕ್ಕೆ ಅದರ ದಪ್ಪ ಗಾಜುಗಳೇ ಸಾಕ್ಷಿ.

ಮುಂದಿನ ದಿನಗಳು

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೬೮ರಲ್ಲಿ ಲೀ ಅಯಕೋಕನ ಪ್ರೇರಣೆಯಿಂದ ಥಂಡರ್‌ಬರ್ಡಿನ ಚಾಸಿಯ ಮೇಲೆ ಕಾಂಟಿನೆಂಟಲ್ ಮಾರ್ಕ್ ೩ ಎಂಬ ಕಾರನ್ನು ಕಟ್ಟಿ, ರೋಲ್ಸ್ ರಾಯ್ಸನ್ನು ಹೋಲುವ ಮುಂಭಾಗವನ್ನು ಜೋಡಿಸಿದರು. ಅದು ಬಹಳ ಲಾಭ ತಂದಿತು. ಅದರ ಡಿಕ್ಕಿಯ ಮೇಲೆ ಚಕ್ರದಾಕಾರದ ಒಂದು ಉಬ್ಬಿತ್ತು. ೧೯೪೦ರಲ್ಲಿ ಆ ಜಾಗದಲ್ಲಿ ನಿಜವಾದ ಸ್ಟೆಪ್ನಿ ಚಕ್ರವಿತ್ತು; ಮಾರ್ಕ್ ೨ರಲ್ಲಿ ಉಬ್ಬಿನ ಕೆಳಗಾದರೂ ಚಕ್ರವಿತ್ತು; ಈಗ ಬರಿಯ ಉಬ್ಬು ಉಳಿಯಿತು. ಒಂದು ಕಾಲದಲ್ಲಿ ಅರ್ಥವಿದ್ದ ಆಚಾರವು ಅರ್ಥ ಕಳೆದುಕೊಂಡು ಸಂಪ್ರದಾಯವಾಗಿ ಉಳಿಯುವುದನ್ನು ನಾವು ಬೇರೆಡೆಗಳಲ್ಲಿಯೂ ಕಂಡಿದ್ದೇವಷ್ಟೆ.

೧೯೭೦ರ ದಶಕದಲ್ಲಿ ಕಾಂಟಿನೆಂಟಲ್ ಮತ್ತೆ ೧೯ ಅಡಿಗಳನ್ನು ಮೀರಿ ಬೆಳೆಯಿತು. ೧೯೭೩ರ ತೈಲದ ಬಿಕ್ಕಟ್ಟು ಅಂಥ ಕಾರುಗಳ ಕಾಲಕ್ಕೆ ಕೊನೆ ಬರೆಯಿತು. ೧೯೮೦ರಲ್ಲಿ ಅದನ್ನು ಕುಗ್ಗಿಸಬೇಕಾಯಿತು. ೨೦೦೨ರಲ್ಲಿ ತಯಾರಿಕೆ ನಿಂತು, ೨೦೧೬ರಲ್ಲಿ ಪುನಃ ಪ್ರಾರಂಭವಾಯಿತು. ೧೯೩೯ರ ಮೊದಲ ಕಾರಿಗೆ ಎಂಬತ್ತು ವರ್ಷ ತುಂಬಿದ ನೆನಪಿಗಾಗಿ ೨೦೧೯ರಲ್ಲಿ ನಡುವಿನಿಂದ ತೆರೆಯುವ ಬಾಗಿಲುಗಳ ೮೦ ಕಾರುಗಳನ್ನು ಮಾಡಿದರು. ೨೦೨೦ರಲ್ಲಿ ಕಾಂಟಿನೆಂಟಲಿನ ತಯಾರಿಕೆ ಮತ್ತೆ ನಿಂತಿತು.

ಈ ಎಂಬತ್ತು ವರ್ಷಗಳನ್ನು ಒಟ್ಟಿಗೆ ನೋಡಿದಾಗ ಒಂದು ಮಾತು ನಮಗೆ ಸ್ಪಷ್ಟವಾಗುತ್ತದೆ. ಈ ಕಾರನ್ನು ಜನ ಮೆಚ್ಚಿ ನೆನೆಯುವುದು ೧೯೪೦, ೧೯೫೬ ಮತ್ತು ೧೯೬೧ರ ರೂಪಗಳಿಗಾಗಿ. ಈ ಮೂರು ಸಲವೂ ಅದನ್ನು ಮಾಡಿದವರು ಬೇಡದ್ದನ್ನು ತೆಗೆಯುವ ಧೈರ್ಯವನ್ನು ತೋರಿದ್ದರು. ಅಂಥ ಕಾರು ಧನಿಕರಿಗೆ ಮಾತ್ರ ಎಟಕುವಂಥದೆಂಬುದು ನಿಜ. ಅದನ್ನು ಕಟ್ಟಿದ ಕಾರ್ಮಿಕನು ಅದನ್ನು ಏರುವಂತಿರಲಿಲ್ಲ. ಆದರೆ ಎಷ್ಟು ಸಾಕು ಎಂದು ತಿಳಿಯುವ ಅಭಿರುಚಿಗೆ ಹಣದ ಹಂಗಿಲ್ಲ. ಒಂದು ಪ್ರಬಂಧವನ್ನು ಬರೆಯುವ ವಿದ್ಯಾರ್ಥಿಗೂ, ಒಂದು ಮಣೆಯನ್ನು ಕೆತ್ತುವ ಬಡಗಿಗೂ ಅದೇ ಪರೀಕ್ಷೆ.

ಇನ್ನು ಎಡ್ಸೆಲ್ ಫೋರ್ಡನ ವಿಷಯ. ನಿಘಂಟನ್ನು ನೋಡಿದವನಿಗೆ ಅವನ ಹೆಸರು ಸೋಲೆಂಬ ಅರ್ಥದಲ್ಲಿ ಸಿಗುತ್ತದೆ. ಮಕ್ಕಳು ಚರಿತ್ರೆಯನ್ನು ಓದುವಾಗ ಪದಕ್ಕೆ ಅಂಟಿದ ಅರ್ಥವನ್ನೇ ಮನುಷ್ಯನ ಬೆಲೆಯೆಂದು ತಿಳಿಯದಂತೆ ಕಾಪಾಡುವುದು ಅಧ್ಯಾಪಕರ ಕೆಲಸ. ಆ ಮನುಷ್ಯನು ಏನು ಮಾಡಿದನು, ಯಾರ ಒತ್ತಡದಲ್ಲಿ ಮಾಡಿದನು, ಅವನು ಸತ್ತಮೇಲೆ ಅವನ ಹೆಸರಿನಲ್ಲಿ ಇತರರು ಏನು ಮಾಡಿದರು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಲು ಅವರಿಗೆ ಕಲಿಸಬೇಕು. ಹಾಗೆ ಕೇಳಿದವನಿಗೆ, ತನಗೆಂದು ಒಂದು ಕಾರು ಬೇಕೆಂದು ಕೇಳಿ ನಲವತ್ತೊಂಬತ್ತಕ್ಕೇ ಕಣ್ಮುಚ್ಚಿದ ಆ ಮೌನಿಯು ಅಮೇರಿಕದ ಯಂತ್ರಯುಗಕ್ಕೆ ಕೊಟ್ಟ ಕಾಣಿಕೆ ಕಾಣುತ್ತದೆ. ಅದರ ಮೇಲೆ ಅವನ ಹೆಸರಿಲ್ಲದಿದ್ದರೂ ಚರಿತ್ರೆಯನ್ನು ಬಲ್ಲವರು ಅದನ್ನು ಅವನದೆಂದೇ ಗುರುತಿಸುತ್ತಾರೆ.